ಫಾಲ್ ನೆನೆಸದೆ ಹೊಲಿಸಬೇಡಿ

ಎರಡು ಸಲ ಒಗೆದ ಇಳಕಲ್ ಸೀರೆಯ ನೆರಿಗೆ ಪಾದದ ಹತ್ತಿರ ನೆಟ್ಟಗೆ ಇಳಿಯದೆ ಮುದುಡಿಕೊಂಡು ಮೇಲೇರುತ್ತಿದೆಯೇ? ಸೀರೆಯನ್ನು ಬೈಯುವ ಮೊದಲು ಅಂಚು ತಿರುಗಿಸಿ, ಒಳಬದಿಗೆ ಹೊಲಿದ ಪಟ್ಟಿಯನ್ನು, ಅಂದರೆ ಫಾಲನ್ನು ನೋಡಿ. ಹೆಚ್ಚಿನ ಸಲ ಕುಗ್ಗಿರುವುದು ಅದೇ. ಎರಡೂವರೆ ಮೀಟರಿನ ಹತ್ತಿಯ ಫಾಲ್ ನೂರಕ್ಕೆ ನಾಲ್ಕರಷ್ಟು ಕುಗ್ಗಿದರೂ 10 ಸೆಂ.ಮೀ. ಹೋಯಿತು. ಅದಕ್ಕೆ ಅಂಟಿಕೊಂಡ ಸೀರೆ ಅಷ್ಟು ಕುಗ್ಗಿರುವುದಿಲ್ಲ. ಹೆಚ್ಚಾಗಿ ಉಳಿದ ಬಟ್ಟೆಗೆ ಹೋಗಲು ಬೇರೆ ಜಾಗವಿಲ್ಲ, ಸುಕ್ಕಾಗಿ ಅಲ್ಲೇ ನಿಲ್ಲುತ್ತದೆ. ಮುಂಬಯಿಯ ದಾದರಿನಲ್ಲೋ ಪುಣೆಯ ಲಕ್ಷ್ಮಿ ರೋಡಿನಲ್ಲೋ ಸೀರೆ ಕೊಂಡು, ಪಿಕೋ-ಫಾಲಿಗೆ ಕೊಟ್ಟು, "ನಾಳೆಯೇ ಬೇಕು" ಎಂದರೆ ಅಂಗಡಿಯವರು ಅದನ್ನು ನೆನೆಸಿ ಒಣಗಿಸುವುದು ಯಾವಾಗ?

ಬಟ್ಟೆ ಯಾಕೆ ಕುಗ್ಗುತ್ತದೆ ಎಂಬುದಕ್ಕೆ ಉತ್ತರ ಬಕೆಟ್ಟಿಗಿಂತ ಮೊದಲು ಮಗ್ಗದಲ್ಲಿದೆ. ಹಾಸಿನ, ಅಂದರೆ ಉದ್ದಕ್ಕೆ ಹಾಯುವ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟದೆ ನೇಯಲಾಗುವುದಿಲ್ಲ. ಗಿರಣಿ ಬಟ್ಟೆಯಾದರೆ ಆಮೇಲೆ ಬಣ್ಣ ಹಾಕುವಾಗ, ಗಂಜಿ ಕೊಡುವಾಗ, ಒಣಗಿಸುವಾಗ ಪ್ರತಿ ಯಂತ್ರವೂ ಅದನ್ನು ಉದ್ದಕ್ಕೆ ಎಳೆದಿರುತ್ತದೆ. ಹಾಗೆ ಎಳೆದುಕೊಂಡೇ ಒಣಗಿ ಥಾನಾಗಿ ಸುತ್ತಿಕೊಳ್ಳುತ್ತದೆ. ನೀರು ತಾಗಿದಾಗ ಹತ್ತಿಯ ಎಳೆ ಉದ್ದದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ, ದಪ್ಪದಲ್ಲಿ ಉಬ್ಬುತ್ತದೆ. ಹೊಕ್ಕಿನ, ಅಂದರೆ ಅಡ್ಡಕ್ಕೆ ಹಾಯುವ ನೂಲು ದಪ್ಪಗಾದರೆ ಅದರ ಮೇಲೆ ಕೆಳಗೆ ಹಾಯುವ ಹಾಸಿನ ನೂಲು ಹೆಚ್ಚು ಬಳಸಿ ಹೋಗಬೇಕು. ನೂಲು ಇದ್ದಷ್ಟೇ ಇದೆ, ದಾರಿ ಉದ್ದವಾಯಿತು. ಹಾಗಾಗಿ ಬಟ್ಟೆ ಗಿಡ್ಡವಾಗುತ್ತದೆ. ಅಂಗಿಯ ಅಗಲಕ್ಕಿಂತ ಉದ್ದವೇ ಹೆಚ್ಚು ಹೋಗುವುದು ಇದೇ ಕಾರಣಕ್ಕೆ.

ತಣ್ಣೀರಿನಲ್ಲಿ ಒಗೆದರೆ ಹತ್ತಿ ಕುಗ್ಗುವುದಿಲ್ಲ ಎನ್ನುವವರಿದ್ದಾರೆ. ಅದು ತಪ್ಪು. ಬಿಗಿ ಸಡಿಲಿಸಲು ತಣ್ಣೀರೂ ಸಾಕು; ಬಿಸಿ ಮತ್ತು ಕುಲುಕಾಟ ಅದನ್ನು ಬೇಗ ಮಾಡಿಸುತ್ತವೆ. ಬಹುಪಾಲು ಮೊದಲ ಒಗೆತಕ್ಕೇ ಹೋಗುತ್ತದೆ, ಉಳಿದದ್ದು ಇನ್ನೆರಡು ಮೂರು ಒಗೆತಕ್ಕೆ. ಥಾನಿನ ಅಂಚಿನಲ್ಲಿ 'ಸ್ಯಾನ್‌ಫರೈಸ್ಡ್' ಎಂಬ ಮುದ್ರೆ ಕಂಡಿದ್ದರೆ ಅದರ ಅರ್ಥ ಈ ಕುಗ್ಗಾಟವನ್ನು ಗಿರಣಿಯಲ್ಲೇ ಮುಗಿಸಿದ್ದಾರೆ ಎಂದು. ಅಮೆರಿಕದ ಸ್ಯಾನ್‌ಫೋರ್ಡ್ ಕ್ಲೂಯೆಟ್ 1930ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ತೇವದ ಬಟ್ಟೆಯನ್ನು ಹಿಗ್ಗಿದ ದಪ್ಪ ರಬ್ಬರ್ ಪಟ್ಟಿಯ ಮೇಲೆ ಒತ್ತುತ್ತಾರೆ. ಪಟ್ಟಿ ಕುಗ್ಗುವಾಗ ಬಟ್ಟೆಯನ್ನೂ ಜೊತೆಗೆ ಕುಗ್ಗಿಸುತ್ತದೆ. ಆಮೇಲೆ ಕುಗ್ಗಲು ಉಳಿಯುವುದು ನೂರಕ್ಕೆ ಒಂದರ ಆಸುಪಾಸು. ಕೈಮಗ್ಗದ ಬಟ್ಟೆಗೆ ಸಾಮಾನ್ಯವಾಗಿ ಈ ಉಪಚಾರ ಇರುವುದಿಲ್ಲ. ಆ ಕೆಲಸ ನಾವೇ ಮಾಡಿಕೊಳ್ಳಬೇಕು.

ಮುಂಬಯಿಯ ಮಂಗಲದಾಸ್ ಮಾರ್ಕೆಟ್ಟಿನಿಂದ ಕುರ್ತಾ ಬಟ್ಟೆ ತಂದಿರಿ ಎನ್ನಿ. ಅಂಚಿನಿಂದ ನಾಲ್ಕು ಬೆರಳು ಒಳಗೆ, ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ 50 ಸೆಂ.ಮೀ. ಅಳೆದು ತುದಿಗಳಲ್ಲಿ ಬೇರೆ ಬಣ್ಣದ ದಾರದಿಂದ ಗುರುತು ಹೊಲಿಯಿರಿ. ರಾತ್ರಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಎಳೆಯದೆ ಇಸ್ತ್ರಿ ಒತ್ತಿ, ಮತ್ತೆ ಅಳೆಯಿರಿ. ಉದ್ದ 47.5ಕ್ಕೆ ಬಂದಿದ್ದರೆ ನೂರಕ್ಕೆ ಐದು. ನೆನೆಸದೆ ಹೊಲಿಸಿದ್ದರೆ 44 ಇಂಚಿನ ಕುರ್ತಾ ಎರಡು ಇಂಚಿಗೂ ಹೆಚ್ಚು ಮೇಲೇರುತ್ತಿತ್ತು. ಹಾಗಾಗಿ ಇಂಥ ಬಟ್ಟೆ ಕೊಳ್ಳುವಾಗಲೇ ಎರಡೂವರೆ ಮೀಟರಿಗೆ ಒಂದು ಗೇಣು ಹೆಚ್ಚು ಕತ್ತರಿಸಿಕೊಡಲು ಹೇಳಿ.

ಫಾಲ್ ಮತ್ತು ಅಸ್ತರಿಗೆ ಇಷ್ಟು ಅಳತೆಯ ಗೋಜು ಬೇಡ, ನೆನೆಸಿದರಾಯಿತು. ಉಗುರುಬೆಚ್ಚಗಿನ ನೀರಲ್ಲಿ ಎರಡು ಮೂರು ಗಂಟೆ ಬಿಡಿ. ಬಣ್ಣ ಬಿಟ್ಟರೆ ನೀರು ತಿಳಿಯಾಗುವವರೆಗೆ ಬದಲಿಸಿ. ಬಣ್ಣ ನಿಲ್ಲದ ಫಾಲ್ ಸೀರೆಗೆ ಬೇಡವೇ ಬೇಡ. ಒಣಗಿದ ಮೇಲೆ ಇಸ್ತ್ರಿಯನ್ನು ಉದ್ದಕ್ಕೆ ಜಾರಿಸಿ ಎಳೆದರೆ ಕುಗ್ಗಿದ್ದನ್ನು ಮತ್ತೆ ಹಿಗ್ಗಿಸಿದಂತೆ. ಎತ್ತಿ ಎತ್ತಿ ಒತ್ತಿ. ಫಾಲ್ ಹೊಲಿಯುವವರಿಗೆ ಅದನ್ನು ಬಿಗಿಹಿಡಿಯದೆ ತುಸು ಸಡಿಲ ಬಿಡಲು ಹೇಳಿ.

ಖಣದ ಕುಪ್ಪಸಕ್ಕೂ ಇದೇ ಮಾತು. ಗುಳೇದಗುಡ್ಡದ ಒಳ್ಳೆಯ ಖಣಕ್ಕೆ ನೆನೆಸದ ಪಾಪ್ಲಿನ್ ಅಸ್ತರು ಹಾಕಿದರೆ ಒಳಗಿನದು ಕುಗ್ಗಿ ಹೊರಗಿನದು ಗುಳ್ಳೆಗುಳ್ಳೆಯಾಗಿ ಏಳುತ್ತದೆ, ಬೆನ್ನಿನ ಮೇಲೆ ಎದ್ದು ಕಾಣುತ್ತದೆ. ಪಾಲಿಯೆಸ್ಟರ್ ಅಸ್ತರು ಹಾಕಿದರೆ ತಿರುವುಮುರುವು: ಖಣ ಕುಗ್ಗಿ ಅಸ್ತರು ಕೆಳಗೆ ಇಣುಕುತ್ತದೆ. ಹತ್ತಿಯ ಖಣವಾದರೆ ಅದನ್ನೂ ನೆನೆಸಿ, ಆದರೆ ಮೊದಲು ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಹತ್ತುತ್ತದೆಯೇ ನೋಡಿ. ಮೈಸೂರು ಸಿಲ್ಕಿನ ಕ್ರೇಪ್ ಇದಕ್ಕೆ ಹೊರತು. ಅದರ ನೂಲಿಗೆ ಹುರಿ ಬಲವಾಗಿ ಕೊಟ್ಟಿರುತ್ತಾರೆ, ನೀರು ಬಿದ್ದೊಡನೆ ಆ ಹುರಿ ಸೆಳೆದುಕೊಳ್ಳುತ್ತದೆ. ಅದನ್ನು ಡ್ರೈವಾಶಿಗೇ ಕೊಡಿ.

ಇಳಕಲ್ ಸೀರೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಜೋಡಿಸಿ ನೇಯುತ್ತಾರೆ. ಒಡಲು ಹತ್ತಿ, ಸೆರಗು ರೇಷ್ಮೆ, ದಡಿ ರೇಷ್ಮೆಯೋ ಕೃತಕ ರೇಷ್ಮೆಯೋ ಆಗಿದ್ದರೆ ನೀರಿನಲ್ಲಿ ಒಂದೊಂದರ ನಡತೆ ಒಂದೊಂದು. ಫಾಲ್ ಇಲ್ಲದ ಕಡೆಯಲ್ಲೂ ದಡಿ ಅಲೆಅಲೆಯಾಗಿದ್ದರೆ ಇದೇ ಕಾರಣ. ಕೈಯಲ್ಲೇ, ತಣ್ಣೀರಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಸದೆ ಜಾಲಿಸಿ. ತುಸು ತೇವ ಇರುವಾಗಲೇ ದಡಿಯನ್ನು ಕೈಯಿಂದ ಸಮ ಮಾಡಿ ಇಸ್ತ್ರಿ ಒತ್ತಿದರೆ ಬಹಳಷ್ಟು ಸರಿಹೋಗುತ್ತದೆ.

ಟೀ-ಶರ್ಟಿನದು ನೇಯ್ಗೆಯಲ್ಲ, ಹೆಣಿಗೆ. ಕಾರ್ಖಾನೆಯಲ್ಲಿ ಉದ್ದಕ್ಕೆ ಎಳೆಸಿಕೊಂಡ ಕುಣಿಕೆಗಳು ಒಗೆದಾಗ ಮತ್ತೆ ದುಂಡಗಾಗುತ್ತವೆ. ಉದ್ದ ಇಳಿದು ಅಗಲ ಹೆಚ್ಚುತ್ತದೆ. ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬರುವುದು ನೂಲಿನ ಹುರಿ ಬಿಚ್ಚಿಕೊಳ್ಳಲು ಹವಣಿಸುವುದರಿಂದ. ಅದಕ್ಕೆ ಮನೆಮದ್ದಿಲ್ಲ. ಕೊಳ್ಳುವಾಗಲೇ ಭುಜಕ್ಕೆ ಭುಜ ಸೇರಿಸಿ ಹಿಡಿದು ನೋಡಿ, ಕೆಳಗೆ ಹೊಲಿಗೆ ಈಗಾಗಲೇ ಪಕ್ಕಕ್ಕೆ ಜಾರಿದ್ದರೆ ಬಿಟ್ಟುಬಿಡಿ. ಜೋಲುಬೀಳುವುದು ಮಾತ್ರ ಒಣಗಿಸುವವರ ಕೈಯಲ್ಲಿದೆ. ನೀರು ಸೋರುವ ಟೀ-ಶರ್ಟನ್ನು ಹ್ಯಾಂಗರಿಗೆ ಹಾಕಿದರೆ ಭಾರಕ್ಕೆ ಕುತ್ತಿಗೆ ಅಗಲವಾಗುತ್ತದೆ. ಸೀಲಿಂಗಿನಿಂದ ಇಳಿಬಿಟ್ಟ ಪೈಪಿನ ಮೇಲೆ ಕಂಕುಳ ಮಟ್ಟಕ್ಕೆ ಅರ್ಧ ಮಡಚಿ ಹಾಕಿದರೆ ಭಾರ ಎರಡೂ ಕಡೆ ಹಂಚಿಹೋಗುತ್ತದೆ.

ರೇಯಾನ್ ಕುರ್ತಿಯನ್ನು ಹಿಂಡಲೇಬೇಡಿ. ಒದ್ದೆಯಾದಾಗ ಅದರ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಮತ್ತು ಹತ್ತಿಯ ಹಾಗೆ ಮೂರು ಒಗೆತಕ್ಕೆ ನಿಲ್ಲದೆ ಮುಂದೆಯೂ ಕುಗ್ಗಬಲ್ಲದು. ಲೈಕ್ರಾ ಇರುವ ಲೆಗ್ಗಿಂಗ್ಸಿಗೆ ಬಿಸಿಯೂ ಬ್ಲೀಚೂ ಶತ್ರುಗಳು. ಉಣ್ಣೆಯ ವಿಷಯ ಬೇರೆಯೇ: ಎಳೆಯ ಮೇಲಿನ ಚಿಪ್ಪುಗಳು ಬಿಸಿ, ಸಾಬೂನು, ಉಜ್ಜಾಟಕ್ಕೆ ಒಂದಕ್ಕೊಂದು ಕೊಂಡಿಯಾಗಿ ಗಂಟುಬೀಳುತ್ತವೆ, ಹಿಂದಿರುಗುವ ದಾರಿಯಿಲ್ಲ. ಸ್ವೆಟರನ್ನು 30 ಡಿಗ್ರಿ ಮೀರದ ನೀರಲ್ಲಿ ಅದ್ದಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ.

ಮುಂಬಯಿಯಲ್ಲಿ ಬಟ್ಟೆಗೆ ದೊಡ್ಡ ಗಂಡಾಂತರ ಜೂನಿನಿಂದ ಸೆಪ್ಟೆಂಬರ್ ತನಕ. ಮಳೆಯಲ್ಲಿ ಒಣಗುವುದಿಲ್ಲವೆಂದು ಕಿಲೋ ಲೆಕ್ಕದ ಲಾಂಡ್ರಿಗೆ ಕೊಡುತ್ತೇವೆ, ಅಲ್ಲಿ ಎಲ್ಲವೂ ಒಂದೇ ಡ್ರೈಯರಿನಲ್ಲಿ ಉರುಳುತ್ತವೆ. ಹಗ್ಗದ ಮೇಲೆ ಬಟ್ಟೆಯ ಭಾರವೇ ಅದನ್ನು ಸ್ವಲ್ಪ ಎಳೆದು ಹಿಡಿಯುತ್ತದೆ. ಡ್ರೈಯರಿನಲ್ಲಿ ಹಿಡಿಯುವವರಿಲ್ಲ, ಉರುಳುತ್ತಾ ಒಣಗುವಾಗ ನೂಲುಗಳು ಇನ್ನಷ್ಟು ಒತ್ತಿಕೊಳ್ಳುತ್ತವೆ. ಲೇಬಲ್ಲಿನಲ್ಲಿ ಚೌಕದೊಳಗೆ ವೃತ್ತ ಇದ್ದರೆ ಅದು ಡ್ರೈಯರಿನ ಗುರುತು. ಒಳಗೆ ಒಂದು ಚುಕ್ಕೆ ಇದ್ದರೆ 60 ಡಿಗ್ರಿಗೆ ಮಿತಿ, ಎರಡಿದ್ದರೆ 80, ಅಡ್ಡಗೆರೆ ಎಳೆದಿದ್ದರೆ ಹಾಕಲೇಬಾರದು. ಹತ್ತಿ ಕುರ್ತಾಗಳನ್ನು ಬೇರೆ ಚೀಲದಲ್ಲಿ ಕೊಟ್ಟು, ತುಸು ತೇವ ಇರುವಾಗಲೇ ತೆಗೆಯಲು ಹೇಳಿ. ಉಳಿದದ್ದು ಫ್ಯಾನಿನಡಿ ಒಣಗುತ್ತದೆ.

ಕುಗ್ಗಿಹೋದ ಟೀ-ಶರ್ಟನ್ನು ಸ್ವಲ್ಪಮಟ್ಟಿಗೆ ಮರಳಿಸಬಹುದು. ಐದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೂರು ದೊಡ್ಡ ಚಮಚ ಹೇರ್ ಕಂಡಿಷನರ್ ಕದಡಿ ಅರ್ಧ ಗಂಟೆ ನೆನೆಸಿ. ಎಳೆಗಳು ಒಂದರ ಮೇಲೊಂದು ಸುಲಭವಾಗಿ ಜಾರುವಂತೆ ಮಾಡುವುದಷ್ಟೇ ಅದರ ಕೆಲಸ. ಟವೆಲ್ಲಿನಲ್ಲಿ ಒತ್ತಿ, ಹಾಸಿ, ಹಳೆಯ ಅಳತೆಗೆ ಮೆಲ್ಲಗೆ ಎಳೆದು, ಅಂಚುಗಳ ಮೇಲೆ ಭಾರ ಇಟ್ಟು ಒಣಗಲು ಬಿಡಿ.

ಸುಕ್ಕುಗಟ್ಟಿದ ಆ ಇಳಕಲ್ ಸೀರೆಯ ಫಾಲ್ ಬಿಚ್ಚಿದಾಗ ಎಸೆಯಬೇಡಿ. ಅದು ಕುಗ್ಗುವಷ್ಟು ಕುಗ್ಗಿ ಆಗಿದೆ, ಅಂಗಡಿಯ ಹೊಸ ಫಾಲಿಗಿಂತ ನಂಬಿಕಸ್ತ. ಸೀರೆಯ ಅಂಚಿಗೆ ತುಸು ನೀರು ಚಿಮುಕಿಸಿ, ಇಸ್ತ್ರಿ ಒತ್ತಿ ಸಮ ಮಾಡಿ, ಅದೇ ಫಾಲನ್ನು ನೆರಿಗೆ ಬರುವ ಭಾಗಕ್ಕೆ ಸರಿಯಾಗಿ ಕೂರಿಸಿ ಹೊಲಿಸಿ. 10 ಸೆಂ.ಮೀ. ಕಡಿಮೆ ಬಿದ್ದರೆ ಸೊಂಟಕ್ಕೆ ಸಿಕ್ಕಿಸುವ ತುದಿಯ ಕಡೆ ಬೀಳಲಿ, ಅಲ್ಲಿ ಕಾಣುವುದಿಲ್ಲ.