ಜನವರಿಯಲ್ಲಿ ಲೇಹ್: ನಲ್ಲಿ, ಡೀಸೆಲ್, ಫೋನ್ ಎಲ್ಲವೂ ಹೆಪ್ಪುಗಟ್ಟುವ ಊರಿಗೆ ಬೆಂಗಳೂರಿನಿಂದ ಹೊರಡುವವರಿಗೆ

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಲಡಾಖ್‌ನ ಲೇಹ್‌ನಲ್ಲಿ ಜನವರಿಯ ಮಟಮಟ ಮಧ್ಯಾಹ್ನದಲ್ಲೂ ಪಾದರಸ ಅಷ್ಟು ಏರುವುದು ಅಪರೂಪ. ರಾತ್ರಿ ಮೈನಸ್ 15 ಮಾಮೂಲು. ಮೈನಸ್ 20 ಆದರೂ ಅಲ್ಲಿನವರು ಹುಬ್ಬೇರಿಸುವುದಿಲ್ಲ.

ಇದನ್ನು ಕೇಳಿದ ಕೂಡಲೇ ಎಲ್ಲರೂ ಜಾಕೆಟ್ ಚಿಂತೆಗೆ ಬೀಳುತ್ತಾರೆ. ಜಾಕೆಟ್ ಸುಲಭ, ದುಡ್ಡು ಕೊಟ್ಟರೆ ಸಿಗುತ್ತದೆ. ಪ್ರವಾಸ ಕೆಡುವುದು ಬೇರೆ ಕಡೆ: ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ, ಗಾಡಿ ಸ್ಟಾರ್ಟ್ ಆಗುತ್ತಿಲ್ಲ, ಒಲೆ ಮಿಣಿಮಿಣಿ ಎನ್ನುತ್ತಿದೆ, ಫೋನ್ ಆಫ್. ಹರಿಯಬೇಕಾದ್ದೆಲ್ಲ ರಾತ್ರಿ ನಿಂತು, ಬಿಸಿಲೇರಿದ ಮೇಲೆ ಮತ್ತೆ ಹರಿಯಲು ಶುರುವಾಗುತ್ತದೆ. ಊರಿನ ದಿನಚರಿಯೇ ಹಾಗೆ ಹೊಂದಿಕೊಂಡಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ದಿನದ ಕೆಲಸ ಮುಗಿಯುವಂತೆ ಯೋಜನೆ ಹಾಕಿಕೊಳ್ಳಿ. ಬೆಂಗಳೂರಿನ ಅಭ್ಯಾಸದಂತೆ ಬೆಳಗಿನ ಐದಕ್ಕೇ ಹೊರಟುಬಿಡುವ ಉತ್ಸಾಹ ಅಲ್ಲಿ ನಡೆಯುವುದಿಲ್ಲ.

ಮೊದಲು ಟಿಕೆಟ್. ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ಲೇಹ್, ಇದೇ ರೂಢಿಯ ದಾರಿ. ಲೇಹ್ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತಿನವು, ಏಕೆಂದರೆ ಮಧ್ಯಾಹ್ನದ ನಂತರ ಕಣಿವೆಯಲ್ಲಿ ಗಾಳಿ ಏಳುತ್ತದೆ. ಸುತ್ತ ಬೆಟ್ಟಗಳಿರುವುದರಿಂದ ಪೈಲಟ್‌ಗೆ ಕಣ್ಣಿಗೆ ದಾರಿ ಕಾಣದಿದ್ದರೆ ವಿಮಾನ ಇಳಿಯುವುದಿಲ್ಲ. ಹಿಮ ಬಿದ್ದ ದಿನ ರದ್ದು. ಇದರ ಜೊತೆಗೆ ಡಿಸೆಂಬರ್–ಜನವರಿಯಲ್ಲಿ ದೆಹಲಿಯ ಮಂಜು. ಮಧ್ಯರಾತ್ರಿ ಬೆಂಗಳೂರು ಬಿಟ್ಟು ನಸುಕಿನಲ್ಲಿ ದೆಹಲಿಯಲ್ಲಿ ವಿಮಾನ ಬದಲಿಸುವ ಲೆಕ್ಕ ಕಾಗದದ ಮೇಲೆ ಚೆನ್ನ, ಮಂಜಿನ ದಿನ ಎರಡೂ ಕೈತಪ್ಪುತ್ತವೆ. ಹಿಂದಿನ ಸಂಜೆಯೇ ದೆಹಲಿ ಸೇರಿ ವಿಮಾನ ನಿಲ್ದಾಣದ ಹತ್ತಿರ ಮಲಗುವುದು ಕ್ಷೇಮ.

ರಸ್ತೆಯಲ್ಲಿ ಹೋಗುವ ಆಸೆಯನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಮನಾಲಿ ದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. 2020ರಲ್ಲಿ ತೆರೆದ ಅಟಲ್ ಸುರಂಗ ರೋಹ್ತಾಂಗ್ ಒಂದನ್ನು ದಾಟಿಸುತ್ತದೆ ಅಷ್ಟೇ, ಮುಂದಿನ ಕಣಿವೆದಾರಿಗಳು ಹಿಮದಡಿಯಲ್ಲೇ. ಶ್ರೀನಗರದ ಕಡೆಯ ಝೋಜಿ ಲಾ ಕಣಿವೆದಾರಿಯನ್ನು ಗಡಿ ರಸ್ತೆ ಸಂಸ್ಥೆಯವರು ಆದಷ್ಟು ತೆರೆದಿಡುತ್ತಾರೆ, ಆದರೆ ಅದನ್ನು ನಂಬಿ ರಜೆ ಹಾಕಬೇಡಿ.

ಲೇಹ್ 3,500 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 920. ಸಮುದ್ರಮಟ್ಟಕ್ಕೆ ಹೋಲಿಸಿದರೆ ಉಸಿರಿಗೆ ಸಿಗುವ ಆಮ್ಲಜನಕ ಮೂರನೇ ಒಂದು ಭಾಗದಷ್ಟು ಕಡಿಮೆ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ: ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ, ಮೆಟ್ಟಿಲು ಹತ್ತುವುದೂ ನಿಧಾನ. ಎತ್ತರದ ಕಾಯಿಲೆ ತಡೆಯುವ ಅಸೆಟಾಜೋಲಮೈಡ್ ಮಾತ್ರೆಯ ಬಗ್ಗೆ ಇಲ್ಲೇ ವೈದ್ಯರನ್ನು ಕೇಳಿ; ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಹೊರಡುವ ಹಿಂದಿನ ದಿನದಿಂದ ಬರೆದುಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದವರು ಅದನ್ನು ಮರೆಯದೆ ಹೇಳಬೇಕು. ಆ ಮಾತ್ರೆ ಬೆರಳುಗಳಲ್ಲಿ ಜುಮುಜುಮು ಎನಿಸುತ್ತದೆ, ಮೂತ್ರಕ್ಕೆ ಪದೇಪದೇ ಏಳಿಸುತ್ತದೆ. ಕಕ್ಕಸು ಹೊರಗಿದ್ದರೆ ಮೈನಸ್ 15ರಲ್ಲಿ ಅದೇನು ಸಣ್ಣ ವಿಷಯವಲ್ಲ, ಕೋಣೆ ಗೊತ್ತು ಮಾಡುವಾಗಲೇ ಕೇಳಿಕೊಳ್ಳಿ. ಕೂತಲ್ಲೇ ಏದುಸಿರು, ನಿಲ್ಲದ ಕೆಮ್ಮು, ನಡಿಗೆಯಲ್ಲಿ ತಟ್ಟಾಟ ಕಂಡರೆ ಕಾಯದೆ ಊರಿನ ಸೋನಂ ನೋರ್ಬೂ ಸ್ಮಾರಕ ಆಸ್ಪತ್ರೆಗೆ ಹೋಗಬೇಕು.

ಇನ್ನು ಕೋಣೆ. ಫೋನಿನಲ್ಲಿ "ಬಿಸಿನೀರು ಇದೆಯಾ" ಎಂದು ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಕೇಳಬೇಕಾದ್ದು ಬೇರೆ: ಜನವರಿಯಲ್ಲಿ ನಿಮ್ಮ ಬಚ್ಚಲಿನ ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಕೆಟ್‌ನಲ್ಲಿ ಕೊಡುತ್ತೀರೋ? ದಿನಕ್ಕೆ ಎಷ್ಟು ಬಕೆಟ್, ಯಾವ ಹೊತ್ತಿಗೆ? ಕೋಣೆ ಬಿಸಿ ಮಾಡುವುದು ಯಾವುದರಿಂದ, ರಾತ್ರಿ ಎಷ್ಟು ಗಂಟೆಯವರೆಗೆ? ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಡುವ ಮನೆಯನ್ನೇ ಆರಿಸಿ. ಬಕೆಟ್‌ನಲ್ಲಿ ಕೊಡುತ್ತೇವೆ ಎಂದು ನೇರವಾಗಿ ಹೇಳುವವರು ಇಪ್ಪತ್ನಾಲ್ಕು ಗಂಟೆ ಗೀಸರ್ ಎನ್ನುವವರಿಗಿಂತ ವಾಸಿ.

ಕಾರಣ ಇಷ್ಟು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪೈಪಿನೊಳಗೆ ಹಿಗ್ಗಲು ಜಾಗವಿಲ್ಲದೆ ಜಾಯಿಂಟ್ ಒಡೆಯುತ್ತದೆ, ಆದರೆ ಒಡೆದದ್ದು ಗೊತ್ತಾಗುವುದು ಕರಗಿದಾಗ. ಅದಕ್ಕೇ ಅನೇಕರು ಚಳಿಗಾಲಕ್ಕೆ ಮುಂಚೆ ಮಾಳಿಗೆಯ ಟ್ಯಾಂಕು, ಗೋಡೆಯ ಪೈಪು ಎಲ್ಲ ಬರಿದು ಮಾಡಿ ಮುಚ್ಚಿಬಿಡುತ್ತಾರೆ. ಮೂರು ನಾಲ್ಕು ತಿಂಗಳು ಟ್ಯಾಂಕರ್, ಕೈಪಂಪು, ಕೊಡವೇ ಗತಿ. ಪೈಪು ಚಾಲೂ ಇಟ್ಟ ಕಡೆ ರಾತ್ರಿಯಿಡೀ ನಲ್ಲಿಯನ್ನು ಸಣ್ಣಗೆ ಹರಿಯಬಿಟ್ಟಿರುತ್ತಾರೆ, ಹರಿಯುವ ನೀರು ಬೇಗ ಗಟ್ಟಿಯಾಗುವುದಿಲ್ಲ. ಕಾವೇರಿ ನೀರಿನ ಬಿಲ್ ಕಟ್ಟುವ ಕೈ ತಾನಾಗಿ ಅದನ್ನು ತಿರುಗಿಸಿ ನಿಲ್ಲಿಸಿಬಿಡುತ್ತದೆ. ನಿಲ್ಲಿಸಬೇಡಿ.

ಇದಕ್ಕೆ ತದ್ವಿರುದ್ಧ ಇನ್ನೊಂದು. ಬೆಳಿಗ್ಗೆ ತಿರುಗಿಸಿದಾಗ ನೀರು ಬರದ ನಲ್ಲಿಯನ್ನು ಹಾಗೇ ತೆರೆದಿಟ್ಟು ಹೋದರೆ ಮಧ್ಯಾಹ್ನ ಕರಗಿ ಕೋಣೆಯೆಲ್ಲ ನೀರು. ಗೀಸರ್ ಸ್ವಿಚ್ ಹಾಕುವ ಮೊದಲು ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬರುತ್ತಿದೆಯೇ ನೋಡಿ. ಒಳಗೆ ನೀರಿಲ್ಲದಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ, ಪೈಪು ಕಟ್ಟಿಕೊಂಡಿದ್ದರೆ ಒತ್ತಡ ಏರುತ್ತದೆ. ಹಳ್ಳಿ ಮನೆಗಳಲ್ಲಿ ಒಣ ಕಕ್ಕಸು ಇರುತ್ತದೆ, ನೆಲದಲ್ಲೊಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಒಂದು ಸಲಿಕೆ. ಅದಕ್ಕೆ ನೀರು ಸುರಿಯುವಂತಿಲ್ಲ. ಮಣ್ಣು ಎಳೆದು ಹಾಕಿದರೆ ಮುಗಿಯಿತು. ವಾಸನೆ ಇರುವುದಿಲ್ಲ, ಹೆಪ್ಪುಗಟ್ಟಲು ಅಲ್ಲಿ ಏನೂ ಇಲ್ಲ. ಈ ಚಳಿಯಲ್ಲಿ ಫ್ಲಶ್ ಟ್ಯಾಂಕಿಗಿಂತ ಅದೇ ಮೇಲು.

ಕೋಣೆ ಬಿಸಿ ಮಾಡುವ ವಿಷಯದಲ್ಲಿ ಮಾತ್ರ ಸಲುಗೆ ಬೇಡ. ಬುಖಾರಿ ಎನ್ನುವ ಕಬ್ಬಿಣದ ಒಲೆಗೆ ಹೊಗೆ ಕೊಳವೆ ಹೊರಗೆ ಹೋಗಿರಬೇಕು, ಮಲಗುವ ಮುಂಚೆ ಬೆಂಕಿ ಆರಿರಬೇಕು. ಕೊಳವೆ ಇಲ್ಲದ ಗ್ಯಾಸ್ ಹೀಟರ್, ಸೀಮೆಎಣ್ಣೆ ಹೀಟರ್ ಉರಿಯುವಾಗ ಕಿಟಕಿ ಎರಡು ಬೆರಳಷ್ಟಾದರೂ ತೆರೆದಿರಲಿ. ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರಲೇಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಅದರ ಲಕ್ಷಣವೂ ಎತ್ತರದ ಕಾಯಿಲೆಯ ಲಕ್ಷಣವೂ ಹೆಚ್ಚುಕಡಿಮೆ ಒಂದೇ: ತಲೆನೋವು, ವಾಕರಿಕೆ, ಸುಸ್ತು. ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಇಳಿಯುತ್ತಿದ್ದರೆ ಮೊದಲು ಹೀಟರ್ ಆರಿಸಿ, ಕಿಟಕಿ ತೆರೆಯಿರಿ, ಆಮೇಲೆ ವೈದ್ಯರನ್ನು ಕಾಣಿ. ಎತ್ತರಕ್ಕೆ ಹೀಗೇ ಆಗುತ್ತದೆ ಎಂದುಕೊಂಡು ಮತ್ತೆ ಮುಸುಕು ಹೊದ್ದು ಮಲಗುವುದೇ ಅಪಾಯ. ವಿದ್ಯುತ್ ಹೀಟರ್‌ಗೆ ಈ ಭಯವಿಲ್ಲ. 2019ರಲ್ಲಿ ಶ್ರೀನಗರ–ಲೇಹ್ 220 ಕಿಲೋವೋಲ್ಟ್ ಲೈನ್ ಬಂದ ಮೇಲೆ ಲೇಹ್ ದೇಶದ ಗ್ರಿಡ್ಡಿಗೆ ಸೇರಿದೆ. ಆದರೂ ಸಂಜೆ ಬೀದಿಯವರೆಲ್ಲ ಎರಡೆರಡು ಕಿಲೋವ್ಯಾಟ್ ಹೀಟರ್ ಹಾಕಿದಾಗ ಫ್ಯೂಸ್ ಹಾರುವುದುಂಟು. ಮೆಡಿಕಲ್ ಶಾಪಿನಲ್ಲಿ ಸಿಗುವ ರಬ್ಬರ್ ಬಿಸಿನೀರಿನ ಚೀಲ ಒಂದನ್ನು ಒಯ್ದರೆ ಕರೆಂಟಿನ ಹಂಗೇ ಇಲ್ಲ. ಬಟ್ಟೆ ಸುತ್ತಿ ಕಾಲಬಳಿ ಇಟ್ಟುಕೊಳ್ಳಿ.

ಅಡುಗೆಯ ಕಥೆಯೂ ಇದೇ. ಎಲ್‌ಪಿಜಿಯಲ್ಲಿ ಪ್ರೊಪೇನ್, ಬ್ಯೂಟೇನ್ ಎರಡೂ ಇರುತ್ತವೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಅನಿಲವಾಗುತ್ತದೆ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲೇ ದ್ರವವಾಗಿ ಕೂತುಬಿಡುತ್ತದೆ. ಹೊರಗಿಟ್ಟ ಸಿಲಿಂಡರ್ ಅಲ್ಲಾಡಿಸಿದರೆ ತುಂಬಿದ ಸದ್ದು, ಒಲೆಯಲ್ಲಿ ಉರಿಯಿಲ್ಲ. ಸಿಲಿಂಡರನ್ನು ಮನೆಯೊಳಗೆ ತರುತ್ತಾರೆ ಅಥವಾ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿಡುತ್ತಾರೆ. ಬೆಂಕಿ ತೋರಿಸುವ ಮಾತೇ ಇಲ್ಲ. ಮೇಲಾಗಿ ಆ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಬೆಳಗಿನ ತಿಂಡಿ ಎಂಟಕ್ಕೆ ಬೇಕೆಂದು ಹಟ ಹಿಡಿಯಬೇಡಿ. ಪೇಟೆಯ ಬಹಳಷ್ಟು ಹೋಟೆಲುಗಳು ಚಳಿಗಾಲಕ್ಕೆ ಬಾಗಿಲು ಹಾಕಿರುತ್ತವೆ, ಡಿಸೆಂಬರಿನ ಲೋಸರ್ (ಲಡಾಖಿ ಹೊಸವರ್ಷ) ಹಬ್ಬದ ದಿನಗಳಲ್ಲಿ ಇನ್ನೂ ಹೆಚ್ಚು. ಊಟ ಸೇರಿಸಿಯೇ ಕೋಣೆ ಮಾಡಿಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ಅಲ್ಲಿನ ಹುರಿದ ಬಾರ್ಲಿ ಹಿಟ್ಟು ನಮ್ಮ ಹುರಿಹಿಟ್ಟಿನಂತೆಯೇ, ಬಿಸಿ ಚಹಾಕ್ಕೆ ಕಲಸಿದರೆ ಹೊಟ್ಟೆ ತುಂಬುತ್ತದೆ.

ಗಾಡಿ ಲಡಾಖ್‌ನದೇ ಇರಲಿ, ಚಾಲಕರೂ ಅಲ್ಲಿನವರೇ. ಬಯಲುಸೀಮೆಯ ಡೀಸೆಲ್‌ನಲ್ಲಿರುವ ಮೇಣದಂಶ ಆ ಚಳಿಗೆ ಹರಳುಗಟ್ಟಿ ಫಿಲ್ಟರ್ ಮುಚ್ಚಿಬಿಡುತ್ತದೆ. ಎಂಜಿನ್ ಒಂದು ನಿಮಿಷ ಓಡಿ ಕೆಮ್ಮಿ ನಿಂತರೆ ಬಹುತೇಕ ಅದೇ ಕಾರಣ. ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದ ಮೇಲೆ ಈ ಕಷ್ಟ ತಗ್ಗಿದೆ. ಕೆಳಗಿನಿಂದ ತುಂಬಿಸಿಕೊಂಡು ಬಂದ ಟ್ಯಾಂಕಿಗೆ ಮಾತ್ರ ಅದರ ಪ್ರಯೋಜನವಿಲ್ಲ. ಬಿಎಸ್6 ಡೀಸೆಲ್ ಗಾಡಿಗಳು ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ ಮೈನಸ್ 11ಕ್ಕೇ ಗಟ್ಟಿ. ರೇಡಿಯೇಟರ್‌ಗೆ ಬರೀ ನೀರು ಹಾಕಿದ್ದರೆ ಎಂಜಿನ್ ಬ್ಲಾಕೇ ಸೀಳುತ್ತದೆ. ಕೂಲೆಂಟ್ ಮತ್ತು ನೀರು ಅರ್ಧರ್ಧ ಇದ್ದರೆ ಮೈನಸ್ 37ರವರೆಗೆ ಭಯವಿಲ್ಲ. ನೀರು ಬೆರೆಸದ ಬರೀ ಗ್ಲೈಕಾಲ್ (ಕೂಲೆಂಟಿನ ಮೂಲವಸ್ತು) ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ, ಆದ್ದರಿಂದ ಹೆಚ್ಚು ಸುರಿದರೆ ಹೆಚ್ಚು ಒಳ್ಳೆಯದು ಎಂಬುದಿಲ್ಲ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬೆಳಿಗ್ಗೆ ಕಚ್ಚಿಕೊಂಡಿರುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಮುಂದಿನ ಗಾಜಿಗೆ ಬಿಸಿನೀರು ಎರಚಿದರೆ ಸೀಳುತ್ತದೆ. ಚಾಲಕ ಒಂಬತ್ತೂವರೆಗೆ ಬರುತ್ತೇನೆ ಅಂದರೆ ಸೋಮಾರಿತನವಲ್ಲ, ಬಾನೆಟ್ಟಿನ ಮೇಲೆ ಬಿಸಿಲು ಬೀಳಲಿ ಎಂದು. ಪ್ಯಾಂಗಾಂಗ್ ಸರೋವರ, ನುಬ್ರಾ ಕಣಿವೆ ಎರಡಕ್ಕೂ 2021ರವರೆಗೆ ಭಾರತೀಯರಿಗೂ ಇನ್ನರ್ ಲೈನ್ ಪರವಾನಗಿ ಬೇಕಿತ್ತು. ಈಗಿನ ನಿಯಮವನ್ನು ಹೊರಡುವ ಮೊದಲು ಕೇಳಿಕೊಳ್ಳಿ. ಅಲ್ಲಿಗೆ ಹೋಗುವ ಖಾರ್ದುಂಗ್ ಲಾ, ಚಾಂಗ್ ಲಾ ಕಣಿವೆದಾರಿಗಳು ಹಿಮಕ್ಕೆ ಮುಚ್ಚಿದರೆ ಆ ದಿನ ಲೇಹ್‌ನಲ್ಲೇ ಉಳಿಯುವುದಕ್ಕೆ ಮನಸ್ಸು ಸಿದ್ಧವಿರಲಿ. ಸಮಯ ಕಳೆಯಲು ಮಂಜುಗಡ್ಡೆಯ ಮೇಲೆ ಆಡುವ 'ಐಸ್ ಹಾಕಿ' ಪಂದ್ಯಗಳಿವೆ.

ಫೋನ್ ಶೇಕಡಾ 40 ತೋರಿಸುತ್ತಿರುವಾಗಲೇ ಆರಿಹೋಗುತ್ತದೆ. ಚಳಿಗೆ ಬ್ಯಾಟರಿಯೊಳಗಿನ ಕ್ರಿಯೆ ನಿಧಾನವಾಗಿ ವೋಲ್ಟೇಜ್ ಕುಸಿದದ್ದು ಅಷ್ಟೇ, ಬೆಚ್ಚಗಾದರೆ ಮತ್ತೆ ಬರುತ್ತದೆ. ಒಳಜೇಬಿನಲ್ಲಿ, ಮೈಗೆ ತಾಗಿದಂತೆ ಇಟ್ಟುಕೊಳ್ಳಿ. ತಣ್ಣಗಿರುವ ಫೋನನ್ನು ಕೂಡಲೇ ಚಾರ್ಜಿಗೆ ಹಾಕಬಾರದು. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ, ಅರ್ಧ ಗಂಟೆ ಕೋಣೆಯಲ್ಲಿಟ್ಟು ಆಮೇಲೆ ಹಾಕಿ. ಕ್ಯಾಮೆರಾವನ್ನು ಒಳಗೆ ತರುವ ಮುಂಚೆ ಹೊರಗಡೆಯೇ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಇಲ್ಲದಿದ್ದರೆ ಲೆನ್ಸಿನ ಮೇಲೆಲ್ಲ ಹನಿ ಕೂರುತ್ತದೆ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಹೊರಡುವ ವಾರ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿ. ನೆಟ್‌ವರ್ಕ್ ಹೋದರೆ ಯುಪಿಐ ಹೋಯಿತು, ಕರೆಂಟ್ ಹೋದರೆ ಎಟಿಎಂ. ನೂರು, ಇನ್ನೂರರ ನೋಟುಗಳಲ್ಲಿ ಖರ್ಚಿನ ಅರ್ಧವಾದರೂ ಕೈಯಲ್ಲಿರಲಿ. ಇನ್ಸುಲಿನ್ ಬಳಸುವವರು ಅದನ್ನೂ ಒಳಜೇಬಿನಲ್ಲೇ ಇಡಬೇಕು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವಂತಿಲ್ಲ.

ಬಟ್ಟೆಯ ಬಗ್ಗೆ ಎರಡೇ ಮಾತು. ಮೈಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿ ಚಳಿ ಹೆಚ್ಚಿಸುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಡೌನ್ (ಹಕ್ಕಿಪುಕ್ಕ ತುಂಬಿದ) ಜಾಕೆಟ್. ಶೂ ಒಂದು ಸೈಜ್ ದೊಡ್ಡದಿರಲಿ, ಎರಡು ಕಾಲುಚೀಲ ಹಾಕಿ ಬಿಗಿ ಮಾಡಿದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಮರಗಟ್ಟಿದ ಬೆರಳನ್ನು ತಿಕ್ಕಬೇಡಿ, ಹಿಮ ಉಜ್ಜಬೇಡಿ, ಬುಖಾರಿಗೆ ಹಿಡಿಯಬೇಡಿ. 37ರಿಂದ 39 ಡಿಗ್ರಿ ಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಆಸ್ಪತ್ರೆಗೆ ಹೋಗಿ.

ವಾಪಸು ಟಿಕೆಟನ್ನು ಲೇಹ್–ದೆಹಲಿ–ಬೆಂಗಳೂರು ಒಂದೇ ಪಿಎನ್ಆರ್‌ನಲ್ಲಿ ಮಾಡಿಸಿ. ಬೇರೆಬೇರೆ ಮಾಡಿಸಿದ್ದರೆ ಲೇಹ್ ವಿಮಾನ ರದ್ದಾದ ದಿನ ದೆಹಲಿಯ ಟಿಕೆಟ್ ದುಡ್ಡು ನಿಮ್ಮದೇ ನಷ್ಟ. ಒಂದೇ ಆಗಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವುದು ಕಂಪನಿಯ ಹೊಣೆ. ರದ್ದಾದ ಮರುದಿನ ಎರಡು ದಿನದ ಜನ ಒಂದೇ ವಿಮಾನಕ್ಕೆ ಮುಗಿಬೀಳುತ್ತಾರೆ. ರಜೆಯ ಕೊನೆಗೆ ಎರಡು ದಿನ ಖಾಲಿ ಬಿಟ್ಟುಕೊಂಡು, ಅದೇ ಎರಡು ದಿನಕ್ಕೆ ಕೋಣೆ ಸಿಗುತ್ತದೆಯೇ ಎಂದು ಅಲ್ಲಿನ ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.