ವಜ್ರಕರೂರಿನ ಹೊಲದಲ್ಲಿ

ಮೊದಲ ಮಳೆ ಬಿದ್ದ ಮರುದಿನವೇ ಹೋಗಬೇಕು ಅಂತ ಗೆಳೆಯ ಹಟ ಹಿಡಿದ. ಬಳ್ಳಾರಿಯಿಂದ ರೈಲಲ್ಲಿ ಗುಂತಕಲ್, ಅಲ್ಲಿ ಎರಡು ಇಡ್ಲಿ, ಆಮೇಲೆ ಆಟೊ. ವಜ್ರಕರೂರು ಆಂಧ್ರದ ಅನಂತಪುರ ಜಿಲ್ಲೆಯ ಊರು. ಬಿಸಿಲು ಇನ್ನೂ ಏರಿರಲಿಲ್ಲ, ಆಗಲೇ ಹೊಲದ ತುಂಬ ಜನ. ಎಲ್ಲರೂ ಮೂಗುತಿ ಕಳೆದುಕೊಂಡವರ ಹಾಗೆ ತಲೆ ಬಗ್ಗಿಸಿ ಹುಡುಕುತ್ತಿದ್ದರು. ಮಳೆ ಮಣ್ಣು ತೊಳೆದರೆ ವಜ್ರ ಮೇಲೆ ಬರುತ್ತದೆ, ಓರೆಬಿಸಿಲಿಗೆ ಮಿಂಚುತ್ತದೆ ಅನ್ನುವುದು ಅವರ ಲೆಕ್ಕ.

ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಆರೇಳು ಹರಳು ತೋರಿಸಿದಳು. "ಇದರಾಗ ಒಂದಾರ ಐತೇನ್ ಸಾರ್?"

"ಎಲ್ಲಾ ಬೆಣಚುಕಲ್ಲು ಅವ್ವಾ," ಅಂದ ಗೆಳೆಯ. ಅಜ್ಜಿ ಒಂದನ್ನೂ ಬಿಸಾಡಲಿಲ್ಲ. ಮತ್ತೆ ಗಂಟು ಹಾಕಿಕೊಂಡಳು.

ಅವನು ಭೂವಿಜ್ಞಾನದ ಮೇಷ್ಟ್ರು, ಹುಡುಕುತ್ತಿದ್ದುದೇ ಬೇರೆ. ಒಂದು ಕೊರಕಲಿಗೆ ಇಳಿಸಿ ಹಸಿರು ಬೂದು ಬಣ್ಣದ ಕಲ್ಲು ತೋರಿಸಿದ. ಉಗುರಲ್ಲಿ ಕೆರೆದರೆ ಪುಡಿ. ಇದೇ ಕಿಂಬರ್ಲೈಟ್, ದಕ್ಷಿಣ ಆಫ್ರಿಕಾದ ಕಿಂಬರ್ಲಿಯಿಂದ ಬಂದ ಹೆಸರು. ವಜ್ರ ಇದರಲ್ಲಿ ಹುಟ್ಟುವುದಿಲ್ಲ. ಇದು ಬರೀ ಹೊತ್ತು ತಂದ ಕೂಲಿ.

ಹುಟ್ಟುವುದು 150ರಿಂದ 200 ಕಿ.ಮೀ. ಆಳದಲ್ಲಿ, ಭೂಮಿಯ ಹೊರಚಿಪ್ಪಿನ ಕೆಳಗಿರುವ ಬಂಡೆಯ ಪದರವಾದ ಮ್ಯಾಂಟಲ್‌ನಲ್ಲಿ. ಅಲ್ಲಿನ ಒತ್ತಡ ಇಲ್ಲಿಯದರ ಸುಮಾರು 50 ಸಾವಿರ ಪಟ್ಟು, ತಾಪ 1000 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಂಡೆಯ ಸಂದಿಗಳಲ್ಲಿ ಹರಿಯುವ ದ್ರವದಿಂದ ಇಂಗಾಲ ಬೇರ್ಪಟ್ಟು ಹರಳುಗಟ್ಟುತ್ತದೆ. ಹಳೆಯ ಭೂಖಂಡಗಳ ದಪ್ಪ ಬುಡವೇ ಅದಕ್ಕೆ ಒಗ್ಗುವ ಜಾಗ. ಭೂಖಂಡದ ಅಂಥ ಹಳೆಯ ಗಟ್ಟಿ ತುಂಡಿಗೆ ಕ್ರೇಟಾನ್ ಅನ್ನುತ್ತಾರೆ. ಇಲ್ಲಿಯದು ಧಾರವಾಡ ಕ್ರೇಟಾನ್. ನಮ್ಮ ಬಳ್ಳಾರಿ ಕೂತಿರುವುದೂ ಅದರ ಮೇಲೆಯೇ.

"ಕಲ್ಲಿದ್ದಲೇ ವಜ್ರ ಆಗೋದಲ್ವಾ?" ಅಂದೆ. ಬೈಸಿಕೊಂಡೆ. ಈ ಕಿಂಬರ್ಲೈಟ್ ಮೇಲೆ ಬಂದದ್ದು ಸುಮಾರು 110 ಕೋಟಿ ವರ್ಷಗಳ ಹಿಂದೆ. ಆಗ ನೆಲದ ಮೇಲೆ ಕಲ್ಲಿದ್ದಲಾಗಲು ಒಂದು ಮರವೂ ಇರಲಿಲ್ಲ! ಅನಿಲ ತುಂಬಿದ ಶಿಲಾರಸವಾಗಿ ಅದು ಅಷ್ಟು ದೂರವನ್ನು ಕೆಲವೇ ಗಂಟೆಗಳಲ್ಲೋ ದಿನಗಳಲ್ಲೋ ಏರಿ ಬಂದಿರಬೇಕು. ಆ ಬಿಸಿಯಲ್ಲಿ ಸಾವಕಾಶ ಬಂದಿದ್ದರೆ ವಜ್ರವೆಲ್ಲ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಆಗುತ್ತಿತ್ತು.

ಪುಡಿಯೊಳಗೆ ಸಾಸಿವೆಕಾಳಿನಷ್ಟು ಕೆಂಪು ಗಾರ್ನೆಟ್ ಕಂಡಿತು. ಅದೂ ಮ್ಯಾಂಟಲ್‌ನಿಂದಲೇ ಬಂದದ್ದು. ಗೆಳೆಯ ಅದನ್ನು ರೈಲು ಟಿಕೆಟ್ಟಿನಲ್ಲಿ ಮಡಚಿ ಜೇಬಿಗಿಟ್ಟ.

ವಾಪಸ್ ಬರುವಾಗ ಆಟೊದವನು ಕೇಳಿದ, "ಏನಾರ ಸಿಕ್ತಾ ಸಾರ್?"

"ಸಿಕ್ತು," ಅಂದ ಗೆಳೆಯ.

ಆಟೊ ಗಕ್ಕನೆ ನಿಂತಿತು. ಡ್ರೈವರ್ ಟಿಕೆಟ್ಟು ಬಿಚ್ಚಿ, ಒಂದು ಕಣ್ಣು ಮುಚ್ಚಿ ನೋಡಿದ. ಮಾತಾಡದೆ ವಾಪಸ್ ಕೊಟ್ಟು ಗೇರ್ ಹಾಕಿದ.