ವಿಡರ್‌ಶಿನ್ಸ್ ಅಂದ್ರೆ ಬರೀ ಆಂಟಿಕ್ಲಾಕ್‌ವೈಸ್ ಅಲ್ಲ

ಅಕ್ಕನ ಮಗಳಿಗೆ ಈಗ ಒಂಬತ್ತು ವರ್ಷ, ಓದೋದು ಇಂಗ್ಲಿಷ್ ಮೀಡಿಯಂ, ಆದ್ರೆ ಕಥೆ ಮಾತ್ರ ಕನ್ನಡದಲ್ಲೇ ಹೇಳ್ಬೇಕು ಅಂತ ಹಟ. ಅದಕ್ಕೆ ನಾನು ಹಳೇ ಇಂಗ್ಲಿಷ್ ಕಥೆಗಳನ್ನ ವಾರದಲ್ಲಿ ಒಂದು ಓದ್ಕೊಂಡು, ನೋಟ್‌ಬುಕ್ಕಲ್ಲಿ ಕನ್ನಡಕ್ಕೆ ಬರ್ಕೊಂಡು, ಭಾನುವಾರ ಅವಳಿಗೆ ಓದಿ ಹೇಳ್ತೀನಿ. ಹೋದ ತಿಂಗಳು ಹಾಗೆ ಕೈಗೆತ್ತಿಕೊಂಡಿದ್ದು ಚೈಲ್ಡ್ ರೋಲಂಡ್ ಕಥೆ, ಜೋಸೆಫ್ ಜೇಕಬ್ಸ್ 1890ರಲ್ಲಿ ಪ್ರಿಂಟ್ ಮಾಡಿದ ಇಂಗ್ಲಿಷ್ ಜನಪದ ಕಥೆಗಳ ಪುಸ್ತಕದಲ್ಲಿದೆ. ಮೂರು ಜನ ಅಣ್ಣತಮ್ಮಂದಿರು, ಒಬ್ಬಳು ತಂಗಿ, ಚರ್ಚ್ ಹತ್ರ ಚೆಂಡಾಡ್ತಿರ್ತಾರೆ. ಚಿಕ್ಕವನು ರೋಲಂಡ್ ಒದ್ದ ಚೆಂಡು ಚರ್ಚ್ ಮೇಲಿಂದ ಹಾರಿ ಆಚೆ ಬೀಳತ್ತೆ. ತಂಗಿ ಎಲೆನ್ ಅದನ್ನ ತರೋಕೆ ಚರ್ಚ್ ಸುತ್ತಿಕೊಂಡು ಹೋಗ್ತಾಳೆ, ಹೋದವಳು ವಾಪಸ್ ಬರಲ್ಲ. ಆಮೇಲೆ ಮಾಂತ್ರಿಕ ಮರ್ಲಿನ್ ಕಾರಣ ಹೇಳ್ತಾನೆ, ಅವಳು ಚರ್ಚನ್ನ ವಿಡರ್‌ಶಿನ್ಸ್ ಸುತ್ತಿದ್ಲು, ಅದಕ್ಕೇ ಎಲ್ಫ್‌ಗಳ, ಅಂದ್ರೆ ಕಥೆಯ ಮಾಯಾಜನರ, ರಾಜ ಎತ್ಕೊಂಡು ಹೋದ ಅಂತ.

ಅಲ್ಲಿ ನನ್ನ ಪೆನ್ನು ನಿಂತ್ಹೋಯ್ತು. ಡಿಕ್ಷನರಿ ತೆಗೆದ್ರೆ ಕ್ರಿಯಾವಿಶೇಷಣ, ಸ್ಕಾಟ್ಲೆಂಡ್ ಕಡೆಯ ಮಾತು, ಅರ್ಥ ಆಂಟಿಕ್ಲಾಕ್‌ವೈಸ್ ಅಂತಿದೆ. ಸರಿ ಅಂತ "ಎಲೆನ್ ಚರ್ಚನ್ನು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತಿದಳು" ಅಂತ ಬರೆದೆ. ಬರೆದು ಓದಿದ್ರೆ ಏನೂ ಆಗ್ತಿಲ್ಲ. ಗಡಿಯಾರಕ್ಕೆ ಉಲ್ಟಾ ಸುತ್ತಿದ್ರೆ ಯಾಕಪ್ಪ ಒಂದು ಹುಡುಗಿ ಮಾಯ ಆಗ್ಬೇಕು? ಅದು ಸೈನ್ಸ್ ಪುಸ್ತಕದ ವಾಕ್ಯ, ಅದರಲ್ಲಿ ಭಯ ಇಲ್ಲ, ತಪ್ಪು ಇಲ್ಲ. ಅಮ್ಮ ಪಕ್ಕದಲ್ಲೇ ಕೂತು ಹಿತಕಿದ ಬೇಳೆ ಮಾಡೋಕೆ ನೆನೆಸಿದ ಅವರೆಕಾಳು ಹಿಸುಕ್ತಿದ್ರು, ಒಂದೊಂದೇ ಕಾಳು ಸಿಪ್ಪೆಯಿಂದ ಪಾತ್ರೆಗೆ ಜಾರಿ ಬೀಳ್ತಿತ್ತು. ನಾನು ವಾಕ್ಯನ ಎರಡು ಮೂರು ಸಲ ಜೋರಾಗಿ ಓದಿದ್ದು ಕೇಳಿ ತಲೆ ಎತ್ತದೇನೇ, "ಅಪ್ರದಕ್ಷಿಣೆ ಬಂದ್ಲು ಅನ್ನೋ, ಅಷ್ಟೇ ತಾನೆ" ಅಂದ್ರು. ಆಮೇಲೆ ಅವರೇ ಕೈ ನಿಲ್ಲಿಸಿ, "ಅಯ್ಯೋ, ಯಾಕೆ ಹಂಗೆ ಹೋದ್ಲು ಆ ಮಗು?" ಅಂತ ಕೇಳಿದ್ರು.

ಒಂದು ಶಬ್ದಕ್ಕೆ ಇಷ್ಟು ಬೇಗ ಭಯ ಬಂತಲ್ಲ ಅಂತ ನನಗೆ ಅವತ್ತಿಂದ ಈ ವಿಡರ್‌ಶಿನ್ಸ್ ತಲೇಲೇ ಕೂತುಬಿಡ್ತು.

ಮೊದಲು ಶಬ್ದದ ಒಳಗೇನಿದೆ ನೋಡೋಣ. ಇದು ಇಂಗ್ಲಿಷಿಗೆ ಬಂದಿದ್ದು ಹಳೇ ಜರ್ಮನ್ ಕಡೆಯಿಂದ. ವಿಡರ್ ಅಂದ್ರೆ ಎದುರಾಗಿ, ವಿರುದ್ಧವಾಗಿ. ಇಂಗ್ಲಿಷಿನ ವಿತ್ ಕೂಡ ಹಳೇ ಕಾಲದಲ್ಲಿ ಇದೇ ಅರ್ಥ ಕೊಡ್ತಿತ್ತು, ಜೊತೆಗೆ ಅನ್ನೋದು ಆಮೇಲೆ ಬಂದ ಅರ್ಥ, ಆ ಹಳೇ ಅರ್ಥ ಈಗಲೂ ವಿತ್‌ಸ್ಟ್ಯಾಂಡ್ ಅನ್ನೋದರಲ್ಲಿ ಉಳ್ಕೊಂಡಿದೆ, ಎದುರು ನಿಲ್ಲು ಅಂತ ತಾನೆ ಅದರರ್ಥ. ಎರಡನೇ ಭಾಗ ಶಿನ್ಸ್, ಅದಕ್ಕೂ ಮೊಣಕಾಲ ಕೆಳಗಿನ ಶಿನ್ನಿಗೂ ಸಂಬಂಧ ಇಲ್ಲ, ಸಿನ್ ಅಂದ್ರೆ ದಾರಿ, ದಿಕ್ಕು. ಕೊನೇಲಿರೋ ಸ್ ಬಹುವಚನದ್ದಲ್ಲ, ಅದು ಹಳೇ ಷಷ್ಠಿ ವಿಭಕ್ತಿ, ಆಲ್ವೇಸ್ ಅನ್ನೋದರ ಕೊನೇಲೂ ಅದೇ ಸ್ ಇರೋದು, ನಾಮಪದನ ಕ್ರಿಯಾವಿಶೇಷಣ ಮಾಡೋ ಪ್ರತ್ಯಯ. ಅಂದ್ರೆ ಅಕ್ಷರಶಃ ನೋಡಿದ್ರೆ ಎದುರು ದಾರಿಯಾಗಿ, ಅಷ್ಟೇ. ಸೂರ್ಯನೂ ಇಲ್ಲ, ಗಡಿಯಾರವಂತೂ ಇಲ್ಲವೇ ಇಲ್ಲ.

ನನಗೆ ಬಹಳ ಇಷ್ಟ ಆಗಿದ್ದು ಇದರ ಹಳೇ ಬಳಕೆ. 1513ರಲ್ಲಿ ಗ್ಯಾವಿನ್ ಡಗ್ಲಸ್ ಅನ್ನೋ ಸ್ಕಾಟಿಷ್ ಕವಿ, ಹಳೇ ರೋಮಿನ ಕವಿ ವರ್ಜಿಲನ ಮಹಾಕಾವ್ಯನ ಸ್ಕಾಟ್ಸ್ ಭಾಷೆಗೆ ತಂದು ಮುಗಿಸಿದ. ಅದರಲ್ಲಿ ಒಬ್ಬ ಹೆದರಿ ನಿಂತಾಗ ಅವನ ಕೂದಲು ವಿಡರ್‌ಶಿನ್ಸ್ ಎದ್ದು ನಿಂತಿತು ಅಂತ ಬರ್ತದೆ. ಕೂದಲು ಯಾವ ಕಡೆ ಮಲಗಬೇಕೋ ಅದಕ್ಕೆ ಎದುರಾಗಿ ನಿಮಿರಿತು ಅಂತ. ಬೆಕ್ಕಿನ ಬೆನ್ನನ್ನ ಬಾಲದಿಂದ ತಲೆ ಕಡೆಗೆ ಸವರಿದ್ರೆ ಕೈಗೆ ಏನು ಸಿಗತ್ತೋ ಅದು. ಅಂದ್ರೆ ಆಗ ಅದಕ್ಕೆ ಸುತ್ತೋದು ಅನ್ನೋ ಅರ್ಥ ಇರಲೇಬೇಕು ಅಂತಿರಲಿಲ್ಲ, ಹೇಗಿರಬೇಕೋ ಹಾಗಿಲ್ಲ ಅನ್ನೋದೇ ಅದರ ಜೀವ. ಆಮೇಲೆ ಸೂರ್ಯ ಹೋಗೋ ದಿಕ್ಕಿಗೆ ಎದುರಾಗಿ ಸುತ್ತೋದಕ್ಕೆ ಅದು ಗಟ್ಟಿಯಾಗಿ ಅಂಟಿಕೊಳ್ತು, 1590ರಲ್ಲಿ ಸ್ಕಾಟ್ಲೆಂಡಲ್ಲಿ ಶುರುವಾದ ನಾರ್ತ್ ಬೆರಿಕ್ ಮಾಟಗಾತಿಯರ ವಿಚಾರಣೆಯಲ್ಲಿ ಆರೋಪಿಗಳು ಹೀಗೆ ವಿಡರ್‌ಶಿನ್ಸ್ ತಿರುಗಿದ್ರು ಅನ್ನೋದೇ ಒಂದು ಆರೋಪ ಆಯ್ತು. ಆ ಕೇಸಲ್ಲಿ ಜನ ನಿಜವಾಗಿ ಪ್ರಾಣ ಕಳ್ಕೊಂಡ್ರು.

ಬಳಸೋದು ಸುಲಭ, ಕ್ರಿಯಾಪದ ಆದ್ಮೇಲೆ ಹಾಗೇ ಇಡೋದು, ಹೋದಳು ವಿಡರ್‌ಶಿನ್ಸ್, ಕಲಕಿದಳು ವಿಡರ್‌ಶಿನ್ಸ್. ಎಲ್‌ವೈ ಸೇರಿಸೋ ಹಾಗಿಲ್ಲ, ಅದಕ್ಕೆ ಮುಂಚೆ ಇನ್ ಹಾಕೋದೂ ಬೇಡ. ವಿದರ್‌ಶಿನ್ಸ್ ಅಂತಾನೂ ಬರೀತಾರೆ, ಎರಡೂ ನಡಿಯತ್ತೆ. ಸ್ಕಾಟ್ಲೆಂಡಲ್ಲಿ ಓಟ್ಸ್ ಗಂಜಿ ಕಲಕುವಾಗ ಬಲಗಡೆಗೇ ಕಲಕಬೇಕು, ವಿಡರ್‌ಶಿನ್ಸ್ ಕಲಕಿದ್ರೆ ಅಪಶಕುನ ಅನ್ನೋ ನಂಬಿಕೆ ಇತ್ತು. ಆದ್ರೆ ಸ್ಕ್ರೂ ಬಿಚ್ಚೋಕೆ ಈ ಶಬ್ದ ಹಾಕಿದ್ರೆ ಚೆನ್ನಾಗಿರಲ್ಲ. ಸೈಕಲ್ಲಿನ ಎಡಗಡೆ ಪೆಡಲ್ ಉಲ್ಟಾ ಥ್ರೆಡ್ ಇರತ್ತೆ, ಅದನ್ನ ಬಿಗಿ ಮಾಡೋಕೆ ಎಡಕ್ಕೇ ತಿರುಗಿಸಬೇಕು, ಅದು ಆಂಟಿಕ್ಲಾಕ್‌ವೈಸ್, ಅಲ್ಲಿ ಯಾರೂ ಯಾವ ನಿಯಮನೂ ಮುರೀತಿಲ್ಲ. ವಿಡರ್‌ಶಿನ್ಸ್ ಅನ್ನಬೇಕಾದ್ರೆ ಸುತ್ತೋದಕ್ಕೆ ಒಂದು ಸರಿಯಾದ ದಿಕ್ಕು ಇದೆ ಅಂತ ಕೇಳೋರ ಮನಸ್ಸಲ್ಲಿ ಮೊದಲೇ ಇರಬೇಕು.

ಆ ಸರಿಯಾದ ದಿಕ್ಕಿಗೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಡೆಸಿಲ್ ಅಂತಾರೆ. ಮಾರ್ಟಿನ್ ಮಾರ್ಟಿನ್ ಅನ್ನೋನು 1703ರಲ್ಲಿ ಪಶ್ಚಿಮ ದ್ವೀಪಗಳ ಬಗ್ಗೆ ಬರೆದ ಪುಸ್ತಕದಲ್ಲಿ ಲೂಯಿಸ್ ದ್ವೀಪದ ಒಂದು ಹಳೇ ಪದ್ಧತಿ ಹೇಳ್ತಾನೆ, ಮನೆಯವನು ಬಲಗೈಯಲ್ಲಿ ಬೆಂಕಿ ಹಿಡ್ಕೊಂಡು ಮನೆ, ಪೈರು, ದನಕರು ಎಲ್ಲದರ ಸುತ್ತ ಒಂದು ಸುತ್ತು ಬರ್ತಿದ್ದ, ಅದಕ್ಕೆ ಡೆಸಿಲ್ ಅಂತಿದ್ರು, ಡೆಸ್ ಅಂದ್ರೆ ಬಲಗೈ ಅಂತ. ಇದನ್ನ ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಯಾಕಂದ್ರೆ ಆ ಡೆಸ್ ಮತ್ತೆ ನಮ್ಮ ದಕ್ಷಿಣ ಒಂದೇ ಬೇರಿನ ಶಬ್ದಗಳು! ಲ್ಯಾಟಿನ್ನಿನ ಡೆಕ್ಸ್‌ಟರ್ ಕೂಡ ಅದೇ. ಬರೀ ಬಲಗೈ ಅಷ್ಟೇ ಅಲ್ಲ, ಗೇಲಿಕ್ಕಿನಲ್ಲೂ ಅದೇ ಶಬ್ದಕ್ಕೆ ದಕ್ಷಿಣ ದಿಕ್ಕು ಅನ್ನೋ ಅರ್ಥನೂ ಇದೆ. ಬೆಳಗ್ಗೆ ಹುಟ್ಟೋ ಸೂರ್ಯನಿಗೆ ಮುಖ ಮಾಡಿ ನಿಂತ್ರೆ ಬಲಗೈ ಇರೋ ಕಡೆ ದಕ್ಷಿಣ, ಅಲ್ಲೂ ಹಾಗೇ ನಿಂತ್ರು, ಇಲ್ಲೂ ಹಾಗೇ ನಿಂತ್ರು. ನಾವು ಕಾಲಿಟ್ಟಿರೋ ದಖ್ಖನ್ ನೆಲದ ಹೆಸರೂ ಅದೇ ದಕ್ಷಿಣದಿಂದಲೇ ಬಂದಿದ್ದು. ಹಾಗಾಗಿ ಡೆಸಿಲ್ ಅಂದ್ರೆ ಪ್ರದಕ್ಷಿಣೆ, ವಿಡರ್‌ಶಿನ್ಸ್ ಅಂದ್ರೆ ಅಪ್ರದಕ್ಷಿಣೆ, ಅಮ್ಮ ಅವರೆಕಾಳು ಹಿಸುಕ್ತಾ ಹೇಳಿದ್ದು ಎಷ್ಟು ಕರೆಕ್ಟು ಅಂದ್ರೆ ಡಿಕ್ಷನರಿ ಅದರ ಹತ್ರಕ್ಕೂ ಬರಲ್ಲ.

ಈ ಶಬ್ದ ನನ್ನ ಮೈಗೇ ಗೊತ್ತಿತ್ತು ಅನ್ನೋದು ಆಮೇಲೆ ನೆನಪಾಯ್ತು. ಅಪ್ಪ ತೀರ್ಕೊಂಡಾಗ ಸ್ಮಶಾನದಲ್ಲಿ ಹೆಗಲ ಮೇಲೆ ನೀರು ತುಂಬಿದ ಮಡಕೆ ಇಟ್ರು. ಸುತ್ತು ಬಾ ಅಂದ್ರು. ನಿದ್ದೆ ಇಲ್ಲ, ತಲೇಲಿ ಏನೂ ಇಲ್ಲ, ಕಾಲು ತಾನಾಗೇ ಚಿಕ್ಕಂದಿನಿಂದ ಗುಡಿ ಸುತ್ತಿದ ಕಡೆಗೇ ಹೊರಡ್ತು, ಬಲಗಡೆಗೆ ಅಪ್ಪ ಇರೋ ಹಾಗೆ. ದೊಡ್ಡಪ್ಪ ಭುಜ ಹಿಡಿದು ಮೆಲ್ಲಗೆ ತಿರುಗಿಸಿ "ಆ ಕಡೆ ಅಲ್ಲಪ್ಪ, ಈ ಕಡೆ" ಅಂದ್ರು. ಎಡಕ್ಕೆ ಚಿತೆ ಬಂತು. ಒಂದೊಂದು ಸುತ್ತಿಗೂ ಹಿಂದಿನಿಂದ ಮಡಕೆಗೆ ಒಂದೊಂದು ತೂತು ಮಾಡ್ತಾ ಬಂದ್ರು, ನೀರು ಬೆನ್ನ ಮೇಲೆ ಇಳೀತಿತ್ತು. ಅಪ್ಪ ಇನ್ನಿಲ್ಲ ಅಂತ ಆಸ್ಪತ್ರೇಲಿ ಹೇಳಿದಾಗ ಅರ್ಥ ಆಗದೇ ಇದ್ದಿದ್ದು ಆ ಕಡೆ ಹೆಜ್ಜೆ ಇಟ್ಟಾಗ ಅರ್ಥ ಆಯ್ತು. ಆಂಟಿಕ್ಲಾಕ್‌ವೈಸ್ ಅನ್ನೋ ಶಬ್ದದಲ್ಲಿ ಇದು ಎಲ್ಲಿದೆ ಹೇಳಿ.

ಎದುರು ಸುತ್ತು ಅಂದ್ರೆ ಕೆಟ್ಟದ್ದೇ ಅಂತ ನಾನು ಹೇಳ್ತಿಲ್ಲ. ಶಿವನ ಗುಡಿಯಲ್ಲಿ ಸೋಮಸೂತ್ರ ಪ್ರದಕ್ಷಿಣೆ ಮಾಡೋರನ್ನ ನೋಡಿರ್ತೀರಿ, ಅಭಿಷೇಕದ ನೀರು ಹೊರಗೆ ಬರೋ ಗೋಮುಖದವರೆಗೆ ಹೋಗಿ, ದಾಟದೆ, ಬಂದ ದಾರೀಲೇ ವಾಪಸ್ ತಿರುಗಿ ಇನ್ನೊಂದು ಕಡೆಯಿಂದ ಅದೇ ಗೋಮುಖದ ತನಕ ಬರ್ತಾರೆ, ಅದರಲ್ಲಿ ಅರ್ಧ ಅಪ್ರದಕ್ಷಿಣೆಯೇ. ಮೆಕ್ಕಾದಲ್ಲಿ ಕಾಬಾನ ಎಡಕ್ಕೆ ಇಟ್ಕೊಂಡು ಏಳು ಸುತ್ತು ಬರ್ತಾರೆ. ಟಿಬೆಟಿನ ಬೌದ್ಧರು ಕೈಲಾಸನ ಬಲಕ್ಕಿಟ್ಟು ಸುತ್ತಿದ್ರೆ ಬೋನ್ ಧರ್ಮದವರು ಎಡಕ್ಕಿಟ್ಟು ಸುತ್ತುತ್ತಾರೆ. ಅವರವರಿಗೆ ಅದೇ ಸರಿ ದಿಕ್ಕು, ಹಾಗಾಗಿ ಅಲ್ಲಿ ವಿಡರ್‌ಶಿನ್ಸ್ ಅಂತ ಬರೆದ್ರೆ ಅದು ಶಬ್ದದ ದುರುಪಯೋಗ, ಅವರ ಭಕ್ತಿಗೂ ಅವಮಾನ ಅಂತ ನನಗನಿಸತ್ತೆ.

ಸೂರ್ಯನ ಮಾತು ಬಂತಲ್ಲ, ಇದೊಂದು ಹೇಳ್ಲೇಬೇಕು. ಗಡಿಯಾರದ ಮುಳ್ಳು ಈ ಕಡೆ ತಿರುಗೋದೇ ಉತ್ತರಾರ್ಧ ಗೋಳದಲ್ಲಿ ನೆರಳು ಹೀಗೆ ತಿರುಗತ್ತೆ ಅಂತ. ಆಸ್ಟ್ರೇಲಿಯಾದಲ್ಲಿ ನೆರಳು ಉಲ್ಟಾ ತಿರುಗತ್ತೆ, ಈ ಕಥೆ ಕೊಟ್ಟ ಜೇಕಬ್ಸ್ ಹುಟ್ಟಿದ್ದು 1854ರಲ್ಲಿ ಸಿಡ್ನಿಯಲ್ಲಿ, ಅಂದ್ರೆ ಅವನು ಚಿಕ್ಕವನಿದ್ದಾಗ ಅವನೂರಿನ ಸೂರ್ಯನೇ ವಿಡರ್‌ಶಿನ್ಸ್ ಹೋಗ್ತಿದ್ದ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಲ್ಲೇ ಏಪ್ರಿಲ್ ಕೊನೆಗೆ ಶೂನ್ಯ ನೆರಳಿನ ದಿನ, ಅಂದ್ರೆ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರೋ ದಿನ, ಆದ್ಮೇಲೆ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರ್ತಾನೆ. ಜೂನಲ್ಲಿ ಮೋಡ ಇಲ್ಲದ ದಿನ ತಾರಸಿ ಮೇಲೆ ಒಂದು ಕೋಲು ನೆಟ್ಟು ಹನ್ನೆರಡರಿಂದ ಒಂದು ಗಂಟೆ ತನಕ ನೋಡಿ, ನೆರಳು ಗಡಿಯಾರಕ್ಕೆ ಉಲ್ಟಾ ಜರುಗತ್ತೆ. ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿದೀನಿ.

ಸರಿ, ನೋಟ್‌ಬುಕ್ಕಿಗೆ ಏನು ಬರೆದೆ ಅಂದ್ರೆ. ಹಳಗನ್ನಡದಲ್ಲಿ ಪ್ರದಕ್ಷಿಣೆ ಬರೋದಕ್ಕೆ ಬಲಗೊಳ್ಳು ಅಂತ ಚೆಂದದ ಮಾತಿದೆ, ಬಲಗೊಂಡು ಬಂದನು ಅಂದ್ರೆ ಬಲಕ್ಕಿಟ್ಟು ಸುತ್ತಿ ಬಂದನು ಅಂತ. ಅದಕ್ಕೆ ಜೋಡಿಯಾಗಿ ಎಡಗೊಂಡು ಅಂತ ಮಾಡ್ಕೊಂಡು "ಎಲೆನ್ ಚರ್ಚನ್ನ ಎಡಗೊಂಡು ಹೋದ್ಲು" ಅಂತ ಬರೆದು ಎರಡು ದಿನ ಖುಷಿಯಾಗಿದ್ದೆ. ಭಾನುವಾರ ಓದುವಾಗ ಹುಡುಗಿ "ಹಂಗಂದ್ರೆ?" ಅಂದ್ಲು. ಅಪ್ರದಕ್ಷಿಣೆ ಅಂದೆ. ತಕ್ಷಣ ಬಾಯಿ ಮೇಲೆ ಕೈ ಇಟ್ಕೊಂಡ್ಲು. ಅದನ್ನೇ ಉಳಿಸ್ಕೊಂಡೆ, ಎಡಗೊಂಡು ಹೊಡೆದು ಹಾಕಿದೆ, ಆ ಶಬ್ದ ನನಗೆ ಇಷ್ಟ, ಆದ್ರೆ ಕಥೆ ಅವಳದ್ದು.

ಕಥೆಯ ಕೊನೆ ಭಾಗದಲ್ಲಿ ರೋಲಂಡ್ ತಂಗಿನ ಹುಡುಕ್ಕೊಂಡು ಒಂದು ಹಸಿರು ಗುಡ್ಡದ ಹತ್ರ ಬರ್ತಾನೆ. ಒಳಗೆ ಹೋಗೋಕೆ ಇರೋದು ಒಂದೇ ಉಪಾಯ, ಅದೇ ವಿಡರ್‌ಶಿನ್ಸ್ ಗುಡ್ಡನ ಮೂರು ಸುತ್ತು ಬರಬೇಕು, ಸುತ್ತು ಸುತ್ತಿಗೂ ಬಾಗಿಲೇ ಬಾಗಿಲೇ ತೆಗಿ, ನನ್ನ ಒಳಗೆ ಬಿಡು ಅನ್ನಬೇಕು. ತಂಗಿ ಗೊತ್ತಿಲ್ಲದೆ ಹೋದ ದಾರೀಲಿ ಇವನು ಗೊತ್ತಿದ್ದೂ ಹೋಗ್ತಾನೆ. ಇದನ್ನ ಓದಿದಾಗ ಅವಳು ಎದ್ದು ಊಟದ ಟೇಬಲ್ಲನ್ನ ಎಡಗಡೆ ಇಟ್ಕೊಂಡು ನಿಧಾನಕ್ಕೆ ಮೂರು ಸುತ್ತು ಬಂದ್ಲು, ಅಮ್ಮ ಬೇಡ ಅನ್ನೋಕೆ ಹೋಗಿ ಸುಮ್ಮನಾದ್ರು. ಮೂರನೇ ಸುತ್ತು ಮುಗಿಸಿ ನನ್ನ ಹತ್ರ ನಿಂತು ಕೇಳಿದ್ಲು, "ಮಾಮ, ತಂಗೀನ ಕರ್ಕೊಂಡು ಹೊರಗೆ ಬಂದ್ಮೇಲೆ ಅವ್ರು ಮತ್ತೆ ಪ್ರದಕ್ಷಿಣೆ ಹಾಕಿದ್ರಾ?"

ಕಥೇಲಿ ಅದಿಲ್ಲ. ಹಾಕಿದ್ರು ಅಂತ ಹೇಳ್ದೆ.